ನಿನ್ನ ರಕ್ತನಾಳಕ್ಕೆ ಈಗ ಎಷ್ಟು ವಯಸ್ಸು?

ಕಂದಾ, ಬಲಗೈಯ ಮೂರು ಬೆರಳನ್ನು ಎಡಗೈ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ ಇಡು. ಒತ್ತಬೇಡ, ಸುಮ್ಮನೆ ಇಡು. ಬಡಿತ ಸಿಕ್ಕಿತಲ್ಲ? ಅದನ್ನು ಎಣಿಸುವ ಕೆಲಸ ನಿನ್ನ ವಾಚೂ ಮಾಡುತ್ತದೆ. ನೀನು ನೋಡಬೇಕಾದ್ದು ಬಡಿತವನ್ನಲ್ಲ, ಬಡಿತ ಬಡಿತದ ನಡುವೆ ಬೆರಳಡಿ ಏನು ಸಿಗುತ್ತದೆ ಎನ್ನುವುದನ್ನು. ನಿನ್ನ ವಯಸ್ಸಿನವರಲ್ಲಿ ಏನೂ ಸಿಗುವುದಿಲ್ಲ, ನಾಳ ಅಷ್ಟು ಮೆತ್ತಗಿರುತ್ತದೆ. ಎಪ್ಪತ್ತು ದಾಟಿದ ಎಷ್ಟೋ ಮಂದಿಯಲ್ಲಿ ಅದೇ ಜಾಗದಲ್ಲಿ ಬಿರುಸಾದದ್ದೇನೋ ಬೆರಳಡಿ ಹೊರಳುತ್ತದೆ. ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದವಳು ನಾನು. ಕೇಸ್ ಶೀಟಿನಲ್ಲಿ ಬರೆದ ವಯಸ್ಸಿಗೂ ಬೆರಳಿಗೆ ಸಿಕ್ಕ ವಯಸ್ಸಿಗೂ ತಾಳೆಯಾಗದ್ದನ್ನು ಎಷ್ಟು ಸಲ ಕಂಡಿದ್ದೇನೋ! ನಲವತ್ತೈದರ, ಬೀಡಿ ಬಿಡದ ಲಾರಿ ಡ್ರೈವರನ ನಾಳ ಬಿರುಸು. ಎಪ್ಪತ್ತರಲ್ಲೂ ಗದ್ದೆಗೆ ನಡೆದು ಹೋಗಿ ಬರುವ ಅಜ್ಜಿಯ ನಾಳ ಮೆತ್ತಗೆ.

ನೀನು ಆನ್‌ಲೈನಿನಲ್ಲಿ ತರಿಸಿದ ಕ್ಯಾಪ್ಸೂಲಿನ ಡಬ್ಬಿ ನೋಡಿದೆ. ಆಯುಷ್ಯದ ಪ್ರೋಟೀನುಗಳನ್ನು ಎಬ್ಬಿಸಿ ರಕ್ತನಾಳದ ಮುಪ್ಪನ್ನು ತಡೆಯುತ್ತದಂತೆ. ಈ ವಯಸ್ಸಿಗೇ ರಕ್ತನಾಳದ ಯೋಚನೆ ಬಂತಲ್ಲ, ನನಗೆ ನಿಜವಾಗಿ ಸಂತೋಷ. ನಿನ್ನ ಓರಗೆಯವರಲ್ಲಿ ಹೆಚ್ಚಿನವರಿಗೆ ಹಾಗೊಂದು ಒಳಗಿದೆ ಎನ್ನುವುದೇ ನೆನಪಿಲ್ಲ. ಆದರೆ ಲಿಫ್ಟ್ ಕೆಟ್ಟರೆ ಮೂರನೇ ಮಹಡಿಗೆ ಹತ್ತಲು ಗೊಣಗುವ ನೀನು ನೂರು ವರ್ಷದ ಲೆಕ್ಕ ಹಾಕುವುದು ಹೇಗೆ, ಮರೀ? ಬಾ, ಕೂತುಕೋ. ಅದರ ಹಿಂದಿನ ವಿಜ್ಞಾನ ಸುಳ್ಳಲ್ಲ. ನೀನು ಓದಿದ್ದು ಅರ್ಧ, ಅಷ್ಟೆ.

ಮೊದಲು ನಾಳ ಮುಪ್ಪಾಗುವುದು ಅಂದರೇನು ತಿಳಿದುಕೋ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಮಹಾಪಧಮನಿ ತುಸು ಹಿಗ್ಗಿ, ನೂಕುವಿಕೆಯ ರಭಸವನ್ನು ತನ್ನಲ್ಲಿ ಇಳಿಸಿಕೊಂಡು, ಮತ್ತೆ ಕುಗ್ಗುತ್ತದೆ. ಹಿತ್ತಲಿನ ರಬ್ಬರ್ ಪೈಪು ಹೊಸದಿದ್ದಾಗ ನಲ್ಲಿ ತಿರುಗಿಸಿದರೆ ಉಬ್ಬಿಕೊಂಡು ನೀರು ಹಾಯಿಸುತ್ತದೆ. ಬಿಸಿಲಿಗೆ ಒಣಗಿ ಸೆಟೆದ ಮೇಲೆ ಅದೇ ನೀರು ತುದಿಯಲ್ಲಿ ಚಿಮ್ಮಿ ಬಡಿಯುತ್ತದೆ. ನಾಳದ ಗೋಡೆಗೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಎಂಬ ನಾರನ್ನು ಮೈ ಬಹುಪಾಲು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ ಮಾತ್ರ ನೇಯುತ್ತದೆ. ಆಮೇಲೆ ಹೊಸದು ಸಿಕ್ಕುವುದು ಇಲ್ಲವೆನ್ನುವಷ್ಟು ಕಡಿಮೆ. ಇದ್ದ ನಾರು ಹರಿಯುತ್ತ ಹೋದಂತೆ ಆ ಜಾಗಕ್ಕೆ ಬಿರುಸಾದ ಕೊಲಾಜೆನ್ ಬರುತ್ತದೆ, ಕ್ಯಾಲ್ಸಿಯಂ ಕೂರುತ್ತದೆ. ರಭಸ ತಡೆಯುವವರಿಲ್ಲದೆ ಏಟು ನೇರ ಮೂತ್ರಪಿಂಡದ, ಮಿದುಳಿನ ನವಿರಾದ ನಾಳಗಳಿಗೆ ಬೀಳುತ್ತದೆ. ಅರವತ್ತರ ಮೇಲೆ ಬಿಪಿಯ ಮೇಲಿನ ಅಂಕಿ ಏರುತ್ತಲೇ ಹೋಗಿ ಕೆಳಗಿನದು ಇಳಿಯುವುದು ಇದರಿಂದಲೇ.

ಗೋಡೆಯ ಕತೆ ಇದು. ಒಳಪದರದ ಕತೆ ಇನ್ನೂ ಸ್ವಾರಸ್ಯ. ನಾಳದ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಪದರವಿದೆ. ಬಹಳ ಕಾಲ ಅದನ್ನು ಬರೀ ಅಸ್ತರಿ ಅಂದುಕೊಂಡಿದ್ದರು. ನ್ಯೂಯಾರ್ಕಿನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಪಧಮನಿಯ ಚೂರುಗಳ ಮೇಲೆ ಔಷಧ ಹಾಕಿ ನೋಡುತ್ತಿದ್ದ. ಅದೇ ಔಷಧಕ್ಕೆ ಕೆಲವು ಚೂರು ಸಡಿಲಗೊಂಡವು, ಕೆಲವು ಸಡಿಲಗೊಳ್ಳಲಿಲ್ಲ. ಯಾಕೆಂದು ಹುಡುಕಿದರೆ, ಸಿದ್ಧಮಾಡುವಾಗ ಒಳಪದರ ಉಜ್ಜಿಹೋದ ಚೂರುಗಳೇ ಸಡಿಲಗೊಳ್ಳದೆ ಉಳಿದಿದ್ದವು. 1980ರಲ್ಲಿ ಅದನ್ನು ಬರೆದ. ಆ ಪದರ ಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ಗೊತ್ತಾಯಿತು. 1998ರಲ್ಲಿ ಅವನ ಜೊತೆ ಲೂಯಿಸ್ ಇಗ್ನಾರೋ, ಫೆರಿಡ್ ಮುರಾದ್ ಇಬ್ಬರಿಗೂ ನೊಬೆಲ್ ಬಂತು. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ ಕೆಲಸ ಮಾಡುವುದೂ ಈ ಅನಿಲದಿಂದಲೇ. ರಾತ್ರಿ ಪಾಳಿಯಲ್ಲಿ ಆ ಮಾತ್ರೆ ಇಟ್ಟ ಕೆಲವೇ ನಿಮಿಷದಲ್ಲಿ ರೋಗಿಯ ಮುಖ ಸಡಿಲಾಗುವುದನ್ನು ನೋಡಿದವರಿಗೆ ಆ ನೊಬೆಲ್ ಯಾಕೆ ಬಂತೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ನಿನ್ನ ಆಯುಷ್ಯದ ಪ್ರೋಟೀನು. ಹೆಸರು ಸರ್ಟುಯಿನ್. ನಮ್ಮ ಮೈಯಲ್ಲಿ ಅದರ ಏಳು ಬಗೆಗಳಿವೆ. ಅಮೆರಿಕದ ಎಂಐಟಿಯಲ್ಲಿ ಲಿಯೊನಾರ್ಡ್ ಗ್ವಾರೆಂಟೆಯ ತಂಡ 1999ರಲ್ಲಿ ಯೀಸ್ಟಿನ ಕೋಶಕ್ಕೆ ಇಂಥ ಒಂದು ಜೀನಿನ ಹೆಚ್ಚುವರಿ ಪ್ರತಿ ಸೇರಿಸಿದಾಗ ಅದರ ಆಯುಷ್ಯ ಹೆಚ್ಚಿತು. ಮರುವರ್ಷವೇ ಇನ್ನೊಂದು ತಿಳಿಯಿತು: ಈ ಪ್ರೋಟೀನು ಎನ್‌ಎಡಿ ಎಂಬ ವಸ್ತು ಇಲ್ಲದೆ ಕೆಲಸ ಮಾಡದು. ಕೋಶ ಉಂಡದ್ದನ್ನು ಶಕ್ತಿಯಾಗಿ ಮಾಡಿಕೊಳ್ಳುವಾಗ ಬಳಸುವ ವಸ್ತುವೂ ಅದೇ. ಸರ್ಟುಯಿನ್‌ಗಳಲ್ಲಿ ಮೊದಲನೆಯದಾದ ಸರ್ಟ್-1, ನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ವಯಸ್ಸಾದಂತೆ ಎನ್‌ಎಡಿ ಕುಗ್ಗುತ್ತದೆ, ಸರ್ಟ್-1 ಸೊರಗುತ್ತದೆ, ಅನಿಲ ಕಡಿಮೆಯಾಗುತ್ತದೆ, ನಾಳ ಬಿಗಿಯುತ್ತದೆ. ಹಾಗಾದರೆ ಸರ್ಟ್-1 ಅನ್ನು ಎಬ್ಬಿಸಿದರೆ ಆಯಿತಲ್ಲ ಎಂದು ನಿನಗೆ ಹೊಳೆದ ಹಾಗೆ ಅವರಿಗೂ ಹೊಳೆಯಿತು.

ಮುಂದಿನದನ್ನು ಗಮನವಿಟ್ಟು ಕೇಳು. 2003ರಲ್ಲಿ ಡೇವಿಡ್ ಸಿಂಕ್ಲೇರ್ ಮತ್ತು ಜೊತೆಗಾರರು ಕೆಂಪು ದ್ರಾಕ್ಷಿಯಲ್ಲಿರುವ ರೆಸ್ವೆರಟ್ರಾಲ್ ಈ ಪ್ರೋಟೀನನ್ನು ಎಬ್ಬಿಸುತ್ತದೆ ಎಂದರು. ವೈನ್ ಕುಡಿಯುವವರಿಗೆಲ್ಲ ಹಬ್ಬ. ನಿನ್ನ ಗೆಳೆಯರೂ ಶನಿವಾರ ರಾತ್ರಿ ಇದನ್ನೇ ಹೇಳಿ ಗ್ಲಾಸು ತುಂಬುತ್ತಾರೆಂದು ನನಗೆ ಗೊತ್ತು. ಪ್ರಯೋಗಗಳಲ್ಲಿ ಇಲಿಗೆ ಕೊಟ್ಟ ಪ್ರಮಾಣ ವೈನಿನಿಂದ ಸಿಗಬೇಕಾದರೆ ಗ್ಲಾಸುಗಳ ಲೆಕ್ಕ ಮುಗಿಯುವ ಮೊದಲೇ ಲಿವರ್ ಮುಗಿದಿರುತ್ತದೆ. ಈ ಪ್ರೋಟೀನನ್ನು ಎಬ್ಬಿಸುವ ಔಷಧ ಮಾಡಲೆಂದೇ 2004ರಲ್ಲಿ ಸರ್ಟ್ರಿಸ್ ಎಂಬ ಕಂಪನಿ ಹುಟ್ಟಿತು. 2008ರಲ್ಲಿ ಗ್ಲಾಕ್ಸೊಸ್ಮಿತ್‌ಕ್ಲೈನ್ ಅದನ್ನು 72 ಕೋಟಿ ಡಾಲರಿಗೆ ಕೊಂಡಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದದ್ದು ಅಂದರೆ ಇದೇ. ರೆಸ್ವೆರಟ್ರಾಲ್ ಎಬ್ಬಿಸಿದಂತೆ ಕಂಡದ್ದಕ್ಕೆ ಪರೀಕ್ಷೆಯಲ್ಲಿ ಬಳಸಿದ ಹೊಳೆಯುವ ಬಣ್ಣವೇ ಕಾರಣ ಎಂದು 2010ರಲ್ಲಿ ಬೇರೆಯವರು ತೋರಿಸಿದರು. ಹುಳು ಮತ್ತು ನೊಣಗಳಲ್ಲಿ ಈ ಜೀನಿನಿಂದ ಆಯುಷ್ಯ ಹೆಚ್ಚಿತೆಂಬ ಹಳೆಯ ಮಾತೂ 2011ರಲ್ಲಿ ಮತ್ತೆ ಪರೀಕ್ಷಿಸಿದಾಗ ನಿಲ್ಲಲಿಲ್ಲ. 2013ರಲ್ಲಿ ಸರ್ಟ್ರಿಸ್ ಕಂಪನಿಯ ಬಾಗಿಲು ಮುಚ್ಚಿತು. ಜಗಳ ಇನ್ನೂ ಪೂರ್ತಿ ಮುಗಿದಿಲ್ಲ; ವಿಜ್ಞಾನಿಗಳು ಜಗಳವಾಡಬೇಕಾದ್ದೇ ಹೀಗೆ. ಅದರ ನಡುವೆ ನೀನು ದುಡ್ಡು ಸುರಿಯುವ ಅವಸರ ಮಾಡಿದ್ದಷ್ಟೇ ನನಗೆ ಸಂಕಟ.

ಹಾಗೆಂದು ಎಲ್ಲ ಬೋಗಸ್ ಎಂದು ಹೊರಟುಬಿಡಬೇಡ. ನೀನು ಓದದೆ ಬಿಟ್ಟ ಅರ್ಧ ಇಲ್ಲಿದೆ. 2018ರಲ್ಲಿ ಸಿಂಕ್ಲೇರ್ ತಂಡದವರೇ ಮುದಿ ಇಲಿಗಳಿಗೆ ಎನ್‌ಎಡಿಯ ಕಚ್ಚಾವಸ್ತುವಾದ ಎನ್‌ಎಂಎನ್ ಕೊಟ್ಟರು. ಎರಡು ತಿಂಗಳಲ್ಲಿ ಸ್ನಾಯುಗಳಲ್ಲಿ ಹೊಸ ಸಣ್ಣ ನಾಳಗಳು ಚಿಗುರಿದವು, ಇಲಿಗಳು ಹೆಚ್ಚು ದೂರ ಓಡಿದವು. ಬಾಟಲಿ ಮಾರುವವರು ಇಷ್ಟನ್ನು ಹೇಳುತ್ತಾರೆ. ಅದೇ ಕೆಲಸದಲ್ಲಿ ಇನ್ನೊಂದು ಪರೀಕ್ಷೆ ಇತ್ತು: ಒಳಪದರದ ಕೋಶಗಳಿಂದ ಸರ್ಟ್-1 ಅನ್ನು ತೆಗೆದ ಇಲಿಗಳಲ್ಲಿ ಸಣ್ಣ ನಾಳಗಳು ವಿರಳವಾಗಿದ್ದವು, ವ್ಯಾಯಾಮ ಮಾಡಿಸಿದರೂ ಅದರ ಫಲ ಅವಕ್ಕೆ ದಕ್ಕಲಿಲ್ಲ. ಅಂದರೆ ಓಡಾಟದಿಂದ ನಾಳ ಚಿಗುರುವುದೇ ಈ ಪ್ರೋಟೀನಿನ ಮೂಲಕ. ಕ್ಯಾಪ್ಸೂಲು ತಟ್ಟಲು ನೋಡುವ ಬಾಗಿಲನ್ನು ನಿನ್ನ ಕಾಲು ಮೊದಲಿನಿಂದಲೂ ತಟ್ಟುತ್ತಲೇ ಇದೆ. ನೀನು ಕಾಲಿಗೆ ಕೆಲಸ ಕೊಟ್ಟರೆ, ಅಷ್ಟೆ.

ಮನುಷ್ಯರಲ್ಲಿ ಏನಾಯಿತು? ಅಮೆರಿಕದ ಬೌಲ್ಡರಿನಲ್ಲಿ 55ರಿಂದ 79 ವಯಸ್ಸಿನ ಆರೋಗ್ಯವಂತರಿಗೆ ಆರು ವಾರ ಇದೇ ಬಗೆಯ ಇನ್ನೊಂದು ಕಚ್ಚಾವಸ್ತು ಕೊಟ್ಟು ನೋಡಿದರು. ಎನ್‌ಎಡಿ ಏರಿತು, ತೊಂದರೆ ಆಗಲಿಲ್ಲ. ಬಿಪಿ ಮತ್ತು ನಾಳದ ಬಿಗಿ ತುಸು ಇಳಿಯುವ ಸೂಚನೆ ಕಂಡಿತು. ಆದರೆ ಮುಗಿಸಿದವರು ಎರಡು ಡಜನ್ ಮಂದಿ. ಅಷ್ಟರಿಂದ ಯಾರ ಹೃದಯಾಘಾತ ತಪ್ಪಿತು ಎಂದು ಹೇಳಲಾಗದು, ಅವರೂ ಹಾಗೆ ಹೇಳಿಲ್ಲ.

ಅಂಕಿ ಏರುವುದು ಬೇರೆ, ಜೀವ ಉಳಿಯುವುದು ಬೇರೆ ಮಗಾ. ಈ ಎನ್‌ಎಂಎನ್ ಬಳಗವೆಲ್ಲ ಬಿ-3 ಜೀವಸತ್ವದ ದಾಯಾದಿಗಳು. ಬಿ-3 ಕಡಿಮೆಯಾದರೆ ಪೆಲಾಗ್ರ ಬರುತ್ತದೆ; ಹಿಂದೆ ದಖ್ಖನಿನಲ್ಲಿ ಬರೀ ಜೋಳ ತಿಂದು ಬದುಕುವ ಬಡವರಲ್ಲಿ ಅದು ಕಾಣುತ್ತಿತ್ತು, ಹೈದರಾಬಾದಿನಲ್ಲಿ ಸಿ. ಗೋಪಾಲನ್ ಅದರ ಮೇಲೆ ದೊಡ್ಡ ಕೆಲಸ ಮಾಡಿದರು. ಇದೇ ಬಿ-3ಯ ಒಂದು ರೂಪವಾದ ನಯಾಸಿನ್ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಕೊಲೆಸ್ಟರಾಲಿನ ಅಂಕಿಗಳೆಲ್ಲ ಚಂದವಾಗುತ್ತವೆ. ಡಾಕ್ಟರುಗಳು ವರ್ಷಗಟ್ಟಲೆ ಬರೆದುಕೊಟ್ಟರು. ಕೊನೆಗೆ 25,000ಕ್ಕೂ ಹೆಚ್ಚು ಜನರ ಮೇಲೆ ಸರಿಯಾಗಿ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಹೇಳಿದಾಗ, ಸ್ಟ್ಯಾಟಿನ್ ಜೊತೆಗೆ ಅದನ್ನು ತಿಂದವರಲ್ಲಿ ಹೃದಯಾಘಾತವೂ ಪಾರ್ಶ್ವವಾಯುವೂ ಕಡಿಮೆಯಾಗಿರಲಿಲ್ಲ. ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು.

ಇನ್ನೊಂದನ್ನು ಹೇಳಿದರೆ ನೀನು ಜಿಮ್ಮಿನ ಬ್ಯಾಗಿನಿಂದ ಕ್ಯಾಪ್ಸೂಲು ತೆಗೆದಿಡುತ್ತೀಯ. ಕೋಪನ್‌ಹೇಗನ್‌ನಲ್ಲಿ 65ರ ಆಸುಪಾಸಿನ 27 ಗಂಡಸರಿಗೆ ಎಂಟು ವಾರ ಚೆನ್ನಾಗಿ ಬೆವರಿಳಿಯುವ ವ್ಯಾಯಾಮ ಮಾಡಿಸಿದರು. ಅರ್ಧದಷ್ಟು ಜನಕ್ಕೆ ದಿನಕ್ಕೆ 250 ಮಿಲಿಗ್ರಾಂ ರೆಸ್ವೆರಟ್ರಾಲ್, ಉಳಿದವರಿಗೆ ಸುಳ್ಳು ಮಾತ್ರೆ. ಸುಳ್ಳು ಮಾತ್ರೆಯವರ ಬಿಪಿ ಇಳಿಯಿತು. ರೆಸ್ವೆರಟ್ರಾಲ್ ತಿಂದವರದ್ದು ಇಳಿಯಲಿಲ್ಲ. ದಮ್ಮು ಹೆಚ್ಚಿದ್ದೂ ಅವರಲ್ಲಿ ಕಡಿಮೆ. 2013ರ ಮಾತು. ಚಿಕ್ಕ ಪರೀಕ್ಷೆ, ಒಪ್ಪಿದೆ. ಆದರೂ ಬೆವರಿನ ಫಲವನ್ನು ಮಾತ್ರೆ ತಿಂದುಹಾಕೀತು ಎಂಬ ಅನುಮಾನ ಸಾಕು ನನಗೆ.

ಸರ್ಟುಯಿನ್ ಒಂದೇ ಅಲ್ಲ. ಜಪಾನಿನ ಮಕೋಟೊ ಕುರೊ-ಒ 1997ರಲ್ಲಿ ಕ್ಲೋತೊ ಎಂಬ ಪ್ರೋಟೀನನ್ನು ಕಂಡರು. ಅದಿಲ್ಲದ ಇಲಿಗಳ ನಾಳಗಳಲ್ಲಿ ಎಳೆವಯಸ್ಸಿಗೇ ಕ್ಯಾಲ್ಸಿಯಂ ಕಟ್ಟಿತು. ಕ್ಲೋತೊ ಹೆಚ್ಚಾಗಿ ಹುಟ್ಟುವುದು ಮೂತ್ರಪಿಂಡದಲ್ಲಿ. ಶುಗರು, ಬಿಪಿಯಿಂದ ಮೂತ್ರಪಿಂಡ ಹಾಳಾದರೆ ಅದೂ ಬರಿದಾಗುತ್ತದೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಎನ್. ರವಿ ಸುಂದರೇಶನ್ ಸರ್ಟುಯಿನ್ ಮತ್ತು ಹೃದಯದ ನಂಟಿನ ಮೇಲೆ ಕೆಲಸ ಮಾಡುತ್ತಿದ್ದಾರೆ. ಹೃದಯ ದಪ್ಪವಾಗಿ ಸೋಲುವುದನ್ನು ಸರ್ಟ್-6 ತಡೆಯುತ್ತದೆ ಎಂದು 2012ರಲ್ಲಿ ತೋರಿಸಿದ ತಂಡದಲ್ಲಿ ಅವರಿದ್ದರು. ನಾಳೆ ಇವರಲ್ಲಿ ಯಾರಾದರೂ ನಿಜವಾದ ಔಷಧ ತಂದರೆ ಮೊದಲು ಖುಷಿಪಡುವವಳು ನಾನು. ಸರಿಯಾದ ಪರೀಕ್ಷೆ ದಾಟಿ ಬರಲಿ, ಡಾಕ್ಟರು ಬರೆದುಕೊಡಲಿ, ನೀನು ತಿನ್ನು.

ಅಲ್ಲಿಯವರೆಗೆ? ನಡಿ. ಹೇಳಿದ್ದು ನಿಜವಾಗಿಯೂ ಕಾಲಿಗೆ. ಅದೇ ಬೌಲ್ಡರಿನಲ್ಲಿ 2000ದ ಹೊತ್ತಿಗೆ, ಕೂತೇ ದಿನ ಕಳೆಯುವ ನಡುವಯಸ್ಸು ದಾಟಿದ ಗಂಡಸರಿಗೆ ಮೂರು ತಿಂಗಳು ನಡೆಸಿ ನೋಡಿದರು. ದಿನಕ್ಕೆ 40–45 ನಿಮಿಷ, ವಾರಕ್ಕೆ ಐದಾರು ದಿನ, ಬಿರಬಿರನೆ. ಒಳಪದರ ನಾಳವನ್ನು ಸಡಿಲಿಸುವ ಶಕ್ತಿ ಎಳೆಯರ ಮಟ್ಟಕ್ಕೆ ಬಂತು. ಮೂರು ತಿಂಗಳಷ್ಟೇ, ಕಂದಾ! ನಿನ್ನ ಕ್ಯಾಪ್ಸೂಲಿನ ಯಾವ ಕಾಗದದಲ್ಲೂ ಮನುಷ್ಯರ ಮೇಲೆ ಇಂಥ ಫಲ ತೋರಿಸಿಲ್ಲ.

ಬೊಲಿವಿಯಾದ ಕಾಡಿನಂಚಿನಲ್ಲಿ ಚಿಮಾನೆ ಎಂಬ ಜನರಿದ್ದಾರೆ. ಬೇಟೆ, ಮೀನು, ಬಾಳೆ-ಮರಗೆಣಸಿನ ಬೇಸಾಯ. ದಿನದ ಬಹುಪಾಲು ಓಡಾಟ. 2017ರಲ್ಲಿ ಹೊರಬಂದ ಅಧ್ಯಯನಕ್ಕಾಗಿ ಅವರಲ್ಲಿ 705 ಜನರ ಹೃದಯದ ಸ್ಕ್ಯಾನ್ ಮಾಡಿದಾಗ 85 ಶೇಕಡ ಜನರ ನಾಳದಲ್ಲಿ ಕ್ಯಾಲ್ಸಿಯಮ್ಮಿನ ಚೂರೂ ಇರಲಿಲ್ಲ. ಎಂಬತ್ತರ ಚಿಮಾನೆ ಮುದುಕನ ನಾಳ ಐವತ್ತೈದರ ಆಸುಪಾಸಿನ ಅಮೆರಿಕದವನ ನಾಳದಂತಿತ್ತು. ನಮಗೆ ಇರುವ ಆಸ್ಪತ್ರೆ, ಲಸಿಕೆ ಅವರಿಗೆ ಅಷ್ಟಿಲ್ಲ. ಸೋಂಕು, ಜಂತು ಬಹಳ. ಅವರ ಬಾಳು ಬೇಕೆಂದು ನಾನು ಹೇಳುತ್ತಿಲ್ಲ. ನಾಳ ಸೆಟೆಯುವುದೆಲ್ಲ ವಯಸ್ಸಿನ ಪಾಲಲ್ಲ, ನಾವು ಬಾಳುವ ರೀತಿಯ ಪಾಲೂ ಇದೆ ಎಂಬುದಕ್ಕೆ ಅವರು ಸಾಕ್ಷಿ.

"ನನಗಿನ್ನೂ ವಯಸ್ಸಿದೆ" ಅನ್ನುತ್ತೀಯ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕದ ಸೈನಿಕರ ಹೃದಯಗಳನ್ನು ಕೊಯ್ದು ನೋಡಿದ ವರದಿ 1953ರಲ್ಲಿ ಬಂತು. ಸರಾಸರಿ ವಯಸ್ಸು 22. ನಾಲ್ಕರಲ್ಲಿ ಮೂವರ ನಾಳಗಳಲ್ಲಿ ಕಾಯಿಲೆಯ ಗುರುತು ಆಗಲೇ ಕಣ್ಣಿಗೆ ಕಾಣುವಂತಿತ್ತು. ಗಟ್ಟಿಮುಟ್ಟಾದ, ಪರೇಡ್ ಮಾಡುತ್ತಿದ್ದ ಹುಡುಗರು ಅವರು. ನಮ್ಮವರ ಲೆಕ್ಕ ಇನ್ನೂ ಕಠಿಣ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಕೆನಡಾಕ್ಕೆ ಹೋದ ಸಲೀಂ ಯೂಸುಫ್ 52 ದೇಶಗಳಲ್ಲಿ ಮಾಡಿಸಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. ಜಗತ್ತಿನ ಮೊದಲ ಹೃದಯಾಘಾತಗಳಲ್ಲಿ ತೊಂಬತ್ತು ಶೇಕಡಕ್ಕಿಂತ ಹೆಚ್ಚಿನದಕ್ಕೆ ಒಂಬತ್ತೇ ಸಂಗತಿಗಳಲ್ಲಿ ಕಾರಣ ಸಿಗುತ್ತದೆ ಎಂದಿತು: ಹೊಗೆ, ಕೊಬ್ಬು, ಬಿಪಿ, ಶುಗರು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಮತ್ತೆ ಹಣ್ಣು-ತರಕಾರಿ ತಿನ್ನುವ, ವ್ಯಾಯಾಮ ಮಾಡುವ, ಕುಡಿಯುವ ರೂಢಿ. ಭಾರತ ಮತ್ತು ಅದರ ಸುತ್ತಮುತ್ತಲಿನವರಿಗೆ ಮೊದಲ ಆಘಾತ ಬೇರೆಯವರಿಗಿಂತ ಐದಾರು ವರ್ಷ ಮುಂಚೆ, 53ರ ಸುಮಾರಿಗೆ ಬರುತ್ತದೆ ಎಂದೂ ಆ ಅಂಕಿಗಳಿಂದ ತಿಳಿಯಿತು. ನಾನು ವಾರ್ಡಿಗೆ ಸೇರಿದ ಹೊಸದರಲ್ಲಿ ಎದೆನೋವೆಂದು ಬರುತ್ತಿದ್ದವರ ತಲೆ ಬೆಳ್ಳಗಿರುತ್ತಿತ್ತು. ಕೆಲಸ ಬಿಡುವ ಹೊತ್ತಿಗೆ ಕಪ್ಪು ತಲೆಗಳೇ ಮಲಗಿರುತ್ತಿದ್ದವು, ಹೊರಗೆ ಬೆಂಚಿನ ಮೇಲೆ ಪುಟ್ಟ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ಹೆಂಡತಿಯರು. ಅದನ್ನು ನೋಡಿ ನೋಡಿಯೇ ನಿನ್ನ ಮುಂದೆ ಇಷ್ಟು ಬಾಯಿ ಬಿಡುತ್ತಿರುವುದು.

ಸಿಗರೇಟು ಬಿಡು. "ದಿನಕ್ಕೆ ಎರಡೇ" ಎಂದು ನನ್ನ ಹತ್ತಿರ ಹೇಳಬೇಡ. ಒಂದು ಸೇದಿದರೂ ಆ ಹೊತ್ತಿಗೆ ಒಳಪದರ ಮಂಕಾಗುತ್ತದೆ. ಉಪ್ಪಿನ ವಿಷಯದಲ್ಲಿ ನನ್ನ ತಲೆಮಾರಿನವರೂ ನಿನ್ನ ತಲೆಮಾರಿನವರೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚ ತುಂಬದಷ್ಟು. ಅದರಲ್ಲಿ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಮಜ್ಜಿಗೆಗೆ ಹಾಕಿದ ಚಿಟಿಕೆ ಎಲ್ಲವೂ ಬಂತು. ನಿನ್ನ ಚಿಪ್ಸು, ಇನ್‌ಸ್ಟಂಟ್ ನೂಡಲ್ಸು, ಗೋಬಿ ಮಂಚೂರಿಯನ್ನು ಇನ್ನೂ ಲೆಕ್ಕಕ್ಕೆ ಸೇರಿಸಿಲ್ಲ. ಊಟದ ತಟ್ಟೆಯ ಮೂಲೆಗೆ ಉಪ್ಪು ಬಡಿಸುವ ಪದ್ಧತಿ ಇದೆಯಲ್ಲ, ನಿನ್ನ ಮನೆಯಲ್ಲಿ ಅದನ್ನು ನಿಲ್ಲಿಸು. ಹಿರಿಯರು ಮುಖ ಸಿಂಡರಿಸಿದರೆ ನನ್ನ ಹೆಸರು ಹೇಳು.

ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಅಮೆರಿಕದಲ್ಲಿ ಬೊಜ್ಜಿಲ್ಲದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡು, ಒಂದು ಗುಂಪಿಗೆ ಎರಡು ವರ್ಷ ಕಾಲುಭಾಗ ಊಟ ಕಡಿಮೆ ಮಾಡಿ ಎಂದರು. ಅವರಿಂದ ಆದದ್ದು ಎಂಟನೇ ಒಂದು ಭಾಗದಷ್ಟು. ಅಷ್ಟಕ್ಕೇ ಬಿಪಿ, ಕೊಲೆಸ್ಟರಾಲು ಎರಡೂ ಸುಧಾರಿಸಿದವು. ನಿನಗೆ ನಾನು ಉಪವಾಸ ಹೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡಿ ಬಿರಿಯಾನಿ ತಿಂದು, ಹನ್ನೆರಡಕ್ಕೆ ಆಯುಷ್ಯದ ಕ್ಯಾಪ್ಸೂಲು ನುಂಗಿ, ಎರಡರವರೆಗೆ ಫೋನು ನೋಡುವುದನ್ನು ಬಿಡು ಅಂತ ಮಾತ್ರ ಹೇಳುತ್ತೇನೆ.

ಬಿಪಿ ನೋಡಿಸಿಕೋ. ನಿನ್ನ ವಾಚಿನಲ್ಲಿ ಬೇಡ, ತೋಳಿಗೆ ಪಟ್ಟಿ ಸುತ್ತುವ ಮಿಷನ್ನಿನಲ್ಲಿ. ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಾ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರು. ತೋಳು ಎದೆಯ ಮಟ್ಟಕ್ಕಿರಲಿ. ಅಳೆಯುವಾಗ ಮಾತಾಡಬೇಡ, ನಿನಗೆ ಅದೇ ಕಷ್ಟದ ಕೆಲಸ. ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಅದಕ್ಕಿಂತ ಮೇಲೇ ಬಂದರೆ ಡಾಕ್ಟರ ಹತ್ತಿರ ಹೋಗು, ಗೂಗಲ್ ಹತ್ತಿರ ಅಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಬಸುರಿಯಾಗಿದ್ದಾಗ ಬಿಪಿ ಏರಿ, ಕಾಲು ಮುಖ ಊದಿ, ಮೂತ್ರದಲ್ಲಿ ಪ್ರೋಟೀನು ಹೋಗಿದ್ದರೆ, ಹೆರಿಗೆಯಾಯಿತು ಮುಗಿಯಿತು ಅಂದುಕೊಳ್ಳಬೇಡಿ. ಅಂಥವರಿಗೆ ಮುಂದೆ ಹೃದಯದ, ನಾಳದ ಕಾಯಿಲೆಯ ಸಂಭವ ಹೆಚ್ಚುಕಡಿಮೆ ಇಮ್ಮಡಿ. ಹೆರಿಗೆ ವಾರ್ಡಿನ ಚೀಟಿಯನ್ನು ಮಗುವಿನ ಲಸಿಕೆ ಕಾರ್ಡಿನ ಜೊತೆ ಎತ್ತಿಡಿ, ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಮುಟ್ಟು ನಿಂತ ಮೇಲೆ ನಾಳದ ಒಳಪದರಕ್ಕೆ ಇದ್ದ ಈಸ್ಟ್ರೊಜೆನ್ ಹಾರ್ಮೋನಿನ ಆಸರೆ ಹೋಗುತ್ತದೆ. ಆಗ ಶುರುಮಾಡಿದ ನಡಿಗೆಯ ಫಲ ಒಳಪದರದಲ್ಲಿ ಗಂಡಸರಲ್ಲಿ ಕಂಡಷ್ಟು ಸಲೀಸಾಗಿ ಕಾಣುವುದಿಲ್ಲ. ನಿಮಗೆ ಈಗಲೇ ಶುರುಮಾಡಿ ಎಂದು ನಾನು ಹೆಚ್ಚು ಒತ್ತಿ ಹೇಳುವುದು ಅದಕ್ಕೇ.

ಕಡೆಗೆ ನಿಮ್ಮಪ್ಪನ ವಿಚಾರ. ನೀನು ಊರಿಗೆ ಹೋದಾಗ ಅವರ ಬಿಪಿ ಮಾತ್ರೆಯ ಸ್ಟ್ರಿಪ್ ಎತ್ತಿ ನೋಡು. ತಿಂಗಳು ಮುಗಿಯುತ್ತ ಬಂದರೂ ಅರ್ಧ ಉಳಿದಿದ್ದರೆ ರೇಗಬೇಡ. "ಚೆನ್ನಾಗೇ ಇದ್ದೀನಲ್ಲ, ಯಾಕೆ ಬೇಕು" ಅನ್ನುತ್ತಾರೆ, ಎಲ್ಲರೂ ಹಾಗೇ ಅನ್ನುವುದು. ಚೆನ್ನಾಗಿರುವುದು ಮಾತ್ರೆಯಿಂದಲೇ ಎಂದು ಪಕ್ಕದಲ್ಲಿ ಕೂತು ಹೇಳು. ಬೇರೆ ಕಾರಣವೂ ಇರಬಹುದು, ಅದನ್ನು ಬಾಯಿ ಬಿಡಿಸು. ಪಾದ ಊದುತ್ತಿತ್ತು ಎಂದರೆ ಕೆಲವು ಮಾತ್ರೆಗಳಿಗೆ ಆ ಗುಣವಿದೆ. ಒಣ ಕೆಮ್ಮು ಹಿಡಿದಿತ್ತು ಎಂದರೆ ಅದೂ ಒಂದು ಜಾತಿಯ ಮಾತ್ರೆಯ ಕೆಲಸ. ಎರಡಕ್ಕೂ ಬದಲಿ ಇದೆ, ಡಾಕ್ಟರಿಗೆ ಹೇಳಿದರೆ ಬರೆದುಕೊಡುತ್ತಾರೆ. ಮರುದಿನವೇ ಅವರನ್ನು ಕರೆದುಕೊಂಡು ಹೋಗು, ಆಸ್ಪತ್ರೆ ಹತ್ತಿರವಿದ್ದರೆ ಇಬ್ಬರೂ ನಡೆದೇ ಹೋಗಿ.